ಒಂದು ಗೇಣು ಎತ್ತಿ ಹಿಡಿದ ಬಿಲ್ಲೆ

ನನ್ನ ಕೆಲಸವೇ ಬಡಿದು ನೋಡುವುದು. ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಎರಕ ಹೊಯ್ದು ತಣ್ಣಗಾದ ಕಬ್ಬಿಣದ ಭಾಗಗಳು ಸಾಲಾಗಿ ನನ್ನ ಮೇಜಿಗೆ ಬರುತ್ತವೆ. ಸಣ್ಣ ಸುತ್ತಿಗೆಯಿಂದ ಒಂದೊಂದನ್ನೂ ಬಡಿಯುತ್ತೇನೆ. ಗಟ್ಟಿ ಇದ್ದರೆ ಗಂಟೆಯ ಹಾಗೆ ನಾದ ಬರುತ್ತದೆ. ಒಳಗೆಲ್ಲೋ ಬಿರುಕೋ ಗಾಳಿಗುಳ್ಳೆಯೋ ಇದ್ದರೆ ಸದ್ದು ಮಂಕಾಗಿ ಕೇಳಿಸುತ್ತದೆ. ಅದರ ಮೇಲೆ ಹಳದಿ ಬಣ್ಣದ ಒಂದು ಗೀಟು ಎಳೆದು ಪಕ್ಕದ ರಾಶಿಗೆ ಎಸೆಯುತ್ತೇನೆ. ಅಲ್ಲಿಗೆ ಅದರ ಕಥೆ ಮುಗಿಯಿತು, ಮತ್ತೆ ಕುಲುಮೆಗೆ.

ಈ ಚಾಳಿ ಕೆಲಸದ ಜಾಗದಲ್ಲೇ ಉಳಿದಿದ್ದರೆ ನನ್ನ ಹೆಂಡತಿ ಇನ್ನಷ್ಟು ನೆಮ್ಮದಿಯಾಗಿರುತ್ತಿದ್ದಳು. ಅಂಗಡಿಯಲ್ಲಿ ಮಡಕೆ ಬಡಿಯುವುದು, ಕಲ್ಲಂಗಡಿ ಬಡಿಯುವುದು ಎಲ್ಲರೂ ಮಾಡುವಂಥದ್ದೇ. ಆದರೆ ಶಿವಮೊಗ್ಗದ ವಿದ್ಯಾನಗರದಲ್ಲಿ ನಮ್ಮ ಎದುರು ಮನೆಯವರ ಗೃಹಪ್ರವೇಶಕ್ಕೆ ಹೋದಾಗ, ಊಟಕ್ಕೆ ಕೂರುವ ಮೊದಲು ಬಗ್ಗಿ ನೆಲದ ಟೈಲ್ಸಿಗೆ ಬೆರಳ ಗೆಣ್ಣಿನಿಂದ ಬಡಿದು, "ಈ ಸಾಲು ಪೂರ್ತಿ ಪೊಳ್ಳು ಕಣ್ರೀ, ಕೆಳಗೆ ಸಿಮೆಂಟೇ ಹಿಡಿದಿಲ್ಲ" ಎಂದು ನೆಂಟರೆಲ್ಲರ ಎದುರು ಯಜಮಾನರಿಗೆ ಹೇಳಿಬಿಟ್ಟೆ. ಪಾಪ, ಅವರ ಕೈಯಲ್ಲಿದ್ದ ಪನ್ನೀರದಾನಿ ಹಾಗೇ ನಿಂತುಹೋಯಿತು. ಹೆಂಡತಿ ಎರಡು ದಿನ ಮಾತು ಬಿಟ್ಟಳು.

"ನಾನೇನು ಸುಳ್ಳು ಹೇಳಿದ್ನಾ?" ಎಂದು ಮೂರನೆಯ ದಿನ ಕೇಳಿದೆ.

"ಸುಳ್ಳು ಹೇಳಿದ್ರೆ ಪರವಾಗಿರ್ಲಿಲ್ಲ" ಎಂದಳು.

ನಾನು ಎಂಥ ಮನುಷ್ಯ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳುವ ವಿಷಯದಲ್ಲಿ ನನ್ನದೇ ತಪ್ಪು, ಬೇರೆ ಯಾರ ಮೇಲೂ ಹೊರಿಸುವ ಹಾಗಿಲ್ಲ.

ನನ್ನ ಅಕ್ಕನ ಮನೆ ಭದ್ರಾವತಿಯ ಹಳೇನಗರದಲ್ಲಿ. ಭಾವ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕ್ರೇನ್ ನಡೆಸಿದವರು. ಶೆಡ್ಡಿನ ಚಾವಣಿಗೆ ತಾಗಿದಂತಿರುವ ಪುಟ್ಟ ಕ್ಯಾಬಿನ್ನಿನಲ್ಲಿ ಕೂತು, ಕೆಳಗೆ ಇರುವೆಗಳಂತೆ ಓಡಾಡುವ ಜನರ ತಲೆಯ ಮೇಲೆ ಟನ್ನುಗಟ್ಟಲೆ ಕಬ್ಬಿಣವನ್ನು ಅತ್ತಿಂದಿತ್ತ ಸಾಗಿಸುವ ಕೆಲಸ. ಅಂಥ ಕೆಲಸ ಮಾಡಿದವರಿಗೆ ಅವಸರ ಅಂದರೇನೆಂದು ಗೊತ್ತಿರುವುದಿಲ್ಲ. ಕಾಫಿ ಲೋಟ ಕೆಳಗಿಡುವಾಗಲೂ ಭಾವ ಒಂದು ಕ್ಷಣ ನಿಲ್ಲಿಸಿ, ಜಾಗ ನೋಡಿ, ಸದ್ದಾಗದಂತೆ ಇಳಿಸುತ್ತಿದ್ದರು. ನಾನು ಲೋಟ ಇಟ್ಟರೆ ಅಡುಗೆಮನೆಯಿಂದ ಅಕ್ಕ "ಏನೋ ಒಡೆದಿದ್ದು?" ಎಂದು ಕೇಳುತ್ತಿದ್ದಳು.

ಅವರಿಗೆ ಒಂದು ವಿಚಿತ್ರ ಆಟ ಬರುತ್ತಿತ್ತು. ಅವರಿಗಿನ್ನೂ ಮೂವತ್ತು ದಾಟದ ಕಾಲದಲ್ಲಿ ಕಾರ್ಖಾನೆಗೆ ಹೊಸ ಯಂತ್ರವೊಂದನ್ನು ಕೂಡಿಸಲು ಜಪಾನಿನಿಂದ ಒಬ್ಬ ಎಂಜಿನಿಯರ್ ಬಂದು ಎಂಟು ತಿಂಗಳು ಗೆಸ್ಟ್‌ಹೌಸಿನಲ್ಲಿದ್ದರಂತೆ. ಯಂತ್ರದ ಭಾಗಗಳನ್ನು ಎತ್ತಿ ಇಳಿಸುವ ಕೆಲಸ ಭಾವನದು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆ ಮನುಷ್ಯ ಒಂದು ದಿನ ಕಾಗದದ ಮೇಲೆ ಗೀಟು ಎಳೆದು ಗೋ ಎಂಬ ಈ ಆಟ ಕಲಿಸಿದರು. ಭಾವ ಎರಕಕ್ಕೆ ಮರದ ಅಚ್ಚು ಮಾಡುವ ಪ್ಯಾಟರ್ನ್ ಶಾಪಿನ ಬಡಗಿ ಗೆಳೆಯನ ಕೈಯಲ್ಲಿ ತೇಗದ ಹಲಗೆ ಮಾಡಿಸಿ, ಅಡ್ಡಕ್ಕೆ ಹತ್ತೊಂಬತ್ತು, ಉದ್ದಕ್ಕೆ ಹತ್ತೊಂಬತ್ತು ಗೀಟು ಕೊರೆಸಿದರು. ಕಾಯಿಗಳೆಂದರೆ ತಗಡಿಗೆ ತೂತು ಹೊಡೆದಾಗ ಕೆಳಗೆ ಉದುರುವ ದುಂಡನೆಯ ಬಿಲ್ಲೆಗಳು. ಕಪ್ಪಿಗೆ ಕಬ್ಬಿಣದ ಬಿಲ್ಲೆ, ಬಿಳಿಗೆ ಅಲ್ಯುಮಿನಿಯಂ ಬಿಲ್ಲೆ, ಎರಡು ಸ್ಟೀಲ್ ಡಬ್ಬಿ ತುಂಬ. ಎಂಜಿನಿಯರ್ ಊರಿಗೆ ಹೋದ ಮೇಲೆ ಆಡಲು ಭದ್ರಾವತಿಯಲ್ಲಿ ಯಾರೂ ಇರಲಿಲ್ಲ. ಹಲಗೆ ಎಷ್ಟೋ ವರ್ಷ ಅಟ್ಟದ ಮೇಲಿತ್ತು.

ಹನ್ನೊಂದು ವರ್ಷದ ಹಿಂದೆ ನಿವೃತ್ತರಾದಾಗ ಅದನ್ನು ಇಳಿಸಿ ಒರೆಸಿ, "ಬಾ ಮಾರಾಯ, ಭಾನುವಾರ ಸುಮ್ನೆ ಟಿವಿ ಮುಂದೆ ಯಾಕೆ ಕೂರ್ತೀಯ" ಎಂದು ನನ್ನನ್ನು ಕೂರಿಸಿಕೊಂಡರು.

ಆಟದ ನಿಯಮ ಹೇಳಲು ಐದು ನಿಮಿಷ ಸಾಕು. ಗೀಟುಗಳು ಕೂಡುವ ಜಾಗದಲ್ಲಿ ಒಬ್ಬರಾದ ಮೇಲೆ ಒಬ್ಬರು ಬಿಲ್ಲೆ ಇಡುತ್ತ ಹೋಗುವುದು. ಒಮ್ಮೆ ಇಟ್ಟ ಬಿಲ್ಲೆಯನ್ನು ಸರಿಸುವಂತಿಲ್ಲ. ಎದುರಾಳಿಯ ಬಿಲ್ಲೆಗಳನ್ನು ನಾಲ್ಕೂ ಕಡೆಯಿಂದ ಮುತ್ತಿದರೆ ಅವು ಸತ್ತವು, ತೆಗೆದುಬಿಡಬಹುದು. ಆದರೆ ಗೆಲುವು ಕೊಲ್ಲುವುದರಲ್ಲಿಲ್ಲ, ಕೊನೆಗೆ ಯಾರು ಹೆಚ್ಚು ಖಾಲಿ ಜಾಗಕ್ಕೆ ಬೇಲಿ ಹಾಕಿಕೊಂಡಿದ್ದಾರೆ ಎಂಬುದರಲ್ಲಿದೆ. ಇನ್ನು ಇಡಲು ಏನೂ ಉಳಿದಿಲ್ಲ ಎಂದು ಇಬ್ಬರಿಗೂ ಅನಿಸಿದಾಗ ಆಟ ಮುಗಿಯುತ್ತದೆ. ಆಗ ಇಬ್ಬರೂ ಸೇರಿ ಒಬ್ಬರ ಜಾಗವನ್ನು ಇನ್ನೊಬ್ಬರು ಎಣಿಸುತ್ತಾರೆ.

ಈ ಕೊನೆಯ ಮಾತು ನನ್ನ ಕಿವಿಗೇ ಬೀಳಲಿಲ್ಲ. ನಾನು ಚಿಕ್ಕಂದಿನಲ್ಲಿ ಕಲ್ಲುಚಪ್ಪಡಿಯ ಮೇಲೆ ಇದ್ದಿಲಿನಲ್ಲಿ ಬರೆದು ಆಡು-ಹುಲಿ ಆಡಿ ಬೆಳೆದವನು. ಆಗಲೂ ನನಗೆ ಹುಲಿಯೇ ಬೇಕು. ಆಡು ಕೊಟ್ಟರೆ ಎದ್ದು ಹೋಗುತ್ತಿದ್ದೆ. ಇಲ್ಲಿಯೂ ಮೊದಲ ದಿನವೇ ಭಾವನ ಬಿಲ್ಲೆ ಎಲ್ಲಿ ಬಿತ್ತೋ ಅದರ ಪಕ್ಕಕ್ಕೇ ನನ್ನದನ್ನು ಒತ್ತಿದೆ. ಅವರು ಸ್ವಲ್ಪ ಸರಿದು ಇಟ್ಟರೆ ನಡುವೆ ನುಗ್ಗಿ ಕಡಿದೆ.

"ಇಲ್ಲಿ ಹುಲಿ ಇಲ್ಲ ಮಾರಾಯ" ಎಂದು ಭಾವ ನಕ್ಕರು. "ಎರಡು ಕಡೇನೂ ಆಡುಗಳೇ. ಮೇಯೋಕೆ ಜಾಗ ಮಾಡ್ಕೊಬೇಕು, ಅಷ್ಟೇ."

ಹನ್ನೊಂದು ವರ್ಷ ಬಹುತೇಕ ಪ್ರತಿ ಭಾನುವಾರ ಆಡಿದೆವು. ಬೈಕಿನಲ್ಲಿ ಮಾಚೇನಹಳ್ಳಿ ದಾಟುವಾಗಲೇ ನನ್ನ ತಲೆಯಲ್ಲಿ ಯುದ್ಧ ಶುರುವಾಗಿರುತ್ತಿತ್ತು. ಅಕ್ಕ ಮಂಡಕ್ಕಿ ಕಲಸಿ ತರುವಷ್ಟರಲ್ಲಿ ಹಲಗೆಯ ಒಂದು ಮೂಲೆ ರಣರಂಗವಾಗಿರುತ್ತಿತ್ತು. ನಾನು ಕಡಿಯುವುದು, ಮುತ್ತುವುದು, ಅಟ್ಟಿಸಿಕೊಂಡು ಹೋಗುವುದು. ಹಾಗೆ ಹೋಗುವಾಗ ನನ್ನ ಬೆನ್ನಿನ ಬಿಲ್ಲೆಗಳಿಗೆ ಉಸಿರಾಡಲು ಜಾಗವಿದೆಯೇ ಎಂದು ತಿರುಗಿಯೂ ನೋಡುತ್ತಿರಲಿಲ್ಲ. ಹತ್ತರಲ್ಲಿ ಏಳು ಸಲ ನನ್ನದೇ ದೊಡ್ಡ ಗುಂಪು ಸಾಯುತ್ತಿತ್ತು. ಸತ್ತ ಕೂಡಲೇ ನನಗೆ ಸಿಟ್ಟು ನೆತ್ತಿಗೇರಿ, "ಆಯ್ತು ಬಿಡಿ, ಸೋತೆ" ಎಂದು ಅಂಗೈಯಿಂದ ಇಡೀ ಹಲಗೆ ಬಳಿದುಬಿಡುತ್ತಿದ್ದೆ. ಉಳಿದ ಮೂರು ಸಲ ಅವರ ಗುಂಪನ್ನು ಕೊಂದು ನಾನು ಗೆಲ್ಲುತ್ತಿದ್ದೆ. ಆಗ ಅವರು ಮೆಲ್ಲಗೆ ಬಿಲ್ಲೆಗಳನ್ನು ಆರಿಸಿ ಡಬ್ಬಿಗೆ ಹಾಕುತ್ತಿದ್ದರು.

ಫೋನಿನಲ್ಲೂ ಈ ಆಟ ಸಿಗುತ್ತದೆ ಎಂದು ತಿಳಿದು ಕೆಲವು ತಿಂಗಳು ಅದರಲ್ಲಿಯೂ ಕಲಿತೆ. ಯಾವ ದೇಶದವರೋ ಏನೋ, ಮುಖ ಕಾಣದವರ ಜೊತೆ ಊಟದ ಬಿಡುವಿನಲ್ಲಿ ಆಡಿ ಕೊಲ್ಲುವ ಉಪಾಯಗಳನ್ನೇ ಹತ್ತಾರು ಕಲಿತುಕೊಂಡು ಬಂದೆ. ಸುಮ್ಮನಿರುವುದನ್ನು ಕಲಿಸುವವರು ಅಲ್ಲಿಯೂ ಯಾರೂ ಸಿಗಲಿಲ್ಲ. ಸಿಕ್ಕಿದ್ದರೂ ನಾನು ಕಲಿಯುತ್ತಿದ್ದೆನೇ ಎಂಬುದು ಬೇರೆ ಮಾತು.

ಎರಡು ವರ್ಷದ ಹಿಂದೆ ಭಾವನಿಗೆ ಮರೆವು ಶುರುವಾಯಿತು. ಮೊದಮೊದಲು ನಾವು ತಮಾಷೆ ಮಾಡಿದೆವು. ಕನ್ನಡಕ ಫ್ರಿಜ್ಜಿನಲ್ಲಿ ಸಿಕ್ಕಿದ್ದು, ಒಂದೇ ದಿನ ಮೂರು ಸಲ ಹಾಲು ತಂದದ್ದು. ಆಮೇಲೆ ಒಂದು ಮಧ್ಯಾಹ್ನ ಭದ್ರಾ ಸೇತುವೆಯ ಮೇಲೆ ಯಾವ ಕಡೆಗೆ ಮನೆ ಎಂದು ತಿಳಿಯದೆ ಒಂದು ಗಂಟೆ ನಿಂತಿದ್ದರು. ಗುರುತಿನ ಆಟೋದವರು ಮನೆಗೆ ತಂದು ಬಿಟ್ಟರು. ನಾನೇ ಅವರನ್ನು ಶಿವಮೊಗ್ಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತಲೆಯ ಸ್ಕ್ಯಾನ್ ನೋಡಿ ಡಾಕ್ಟರು, ಇದು ನಿಧಾನವಾಗಿ ಏರುವ ಕಾಯಿಲೆ, ಇಳಿಯುವುದಿಲ್ಲ ಎಂದರು. ಮಾತ್ರೆ ಬರೆದುಕೊಟ್ಟು, ಆಡುತ್ತಿದ್ದ ಆಟ ಇದ್ದರೆ ಆಗುವಷ್ಟು ದಿನ ಆಡಿಸಿ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಭಾವ ಕಿಟಕಿಯ ಹೊರಗೆ ನೋಡುತ್ತಿದ್ದವರು ತಟ್ಟನೆ ಕೇಳಿದರು.

"ನಾವು ಎಷ್ಟು ಆಟ ಆಡಿರಬಹುದು?"

"ನಾನೂರು ಐನೂರು ಆಗಿರಬಹುದು ಭಾವ."

"ಒಂದನ್ನಾದ್ರೂ ಎಣಿಸಿದೀವಾ?"

ನಾನು ಯೋಚಿಸಿದೆ. ಒಂದನ್ನೂ ಎಣಿಸಿರಲಿಲ್ಲ. ಎಲ್ಲವೂ ನಡುವೆಯೇ ಯಾರೋ ಸತ್ತು ಮುಗಿದುಹೋಗಿದ್ದವು.

"ಆ ಜಪಾನಿನವರ ಜೊತೆ ಆಡಿದ್ದು ಎಲ್ಲಾ ಎಣಿಸ್ತಿದ್ವಿ" ಎಂದರು. "ಆಟಕ್ಕಿಂತ ಅದೇ ಚೆಂದ. ಸೊಟ್ಟ ಸೊಟ್ಟ ಜಾಗಾನೆಲ್ಲ ಬಿಲ್ಲೆ ಸರಿಸಿ ಚೌಕ ಮಾಡೋದು. ಹತ್ತು, ಇಪ್ಪತ್ತು, ಮೂವತ್ತು. ಅವರು ನಂದು ಎಣಿಸೋರು, ನಾನು ಅವರದ್ದು. ಕೊನೇ ಆಟದಲ್ಲಿ ಒಂದೇ ಒಂದರಲ್ಲಿ ಸೋತೆ. ಎದ್ದು ನಿಂತು ಬಗ್ಗಿ ನಮಸ್ಕಾರ ಮಾಡಿದ್ರು, ನಂಗೆ!"

ನನ್ನ ಕಡೆ ತಿರುಗಿದರು. "ನಂಗೆ ಈ ಆಟ ಇನ್ನೆಷ್ಟು ದಿನ ನೆನಪಿರುತ್ತೋ ಗೊತ್ತಿಲ್ಲ. ಒಂದು ಆಟ ಎಣಿಸೋ ತನಕ ಹೋಗೋಣ ಮಾರಾಯ. ಗೆಲ್ಲೋದು ಸೋಲೋದು ಏನಾದ್ರೂ ಆಗ್ಲಿ. ಒಂದೇ ಒಂದು."

ಅವರು ನನ್ನ ಹತ್ತಿರ ಯಾವತ್ತೂ ಏನನ್ನೂ ಕೇಳಿದವರಲ್ಲ. ಖಂಡಿತ ಎಂದೆ. ಇದೊಂದು ದೊಡ್ಡ ವಿಷಯವೇ, ಮುಂದಿನ ಭಾನುವಾರವೇ ಎಣಿಸಿದರಾಯಿತು ಎಂದುಕೊಂಡೆ.

ಮುಂದಿನ ಭಾನುವಾರ ನಲವತ್ತನೆಯ ಬಿಲ್ಲೆಗೆ ನಾನು ಅವರ ನಡುವೆ ನುಗ್ಗಿ ಕಡಿದಾಗಿತ್ತು. ಅದರ ಮುಂದಿನ ವಾರ ಕಿಸೆಯಲ್ಲಿ 'ಸುಮ್ಮನಿರು' ಎಂದು ಬರೆದ ಚೀಟಿ ಇಟ್ಟುಕೊಂಡು ಹೋದೆ. ಚೀಟಿ ಕಿಸೆಯಲ್ಲೇ ಉಳಿಯಿತು, ಭಾವನ ಹದಿನೆಂಟು ಬಿಲ್ಲೆಗಳು ಹೊರಗೆ ಬಂದವು. ಇನ್ನೊಂದು ವಾರ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಎಡಗೈಯಲ್ಲಿ ಆಡಿದೆ. ಎಡಗೈಯೂ ನನ್ನದೇ ಅಲ್ಲವೇ. ಪ್ರತಿ ಸಲವೂ ಮನೆಗೆ ಬರುವಾಗ ಬೈಕಿನ ಮೇಲೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಹೆಂಡತಿಗೆ ಹೇಳಿಕೊಂಡರೆ, "ಅವರು ಕೇಳಿದ್ದು ಒಂದು ಆಟ. ಅದೂ ನಿಮ್ ಕೈಲಿ ಆಗಲ್ವಾ?" ಎಂದಳು. ಆ ಪ್ರಶ್ನೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಕೊನೆಗೆ ಭಾವನೇ ಒಂದು ದಾರಿ ಹುಡುಕಿದರು. ಮರೆವು ಅವರ ಇವತ್ತನ್ನು ತಿನ್ನುತ್ತಿತ್ತೇ ಹೊರತು ಕ್ಯಾಬಿನ್ನಿನ ದಿನಗಳು ಇನ್ನೂ ಸ್ಪಷ್ಟವಾಗಿದ್ದವು.

"ನಾವು ಲೋಡು ಎತ್ತೋವಾಗ ಏನ್ ಮಾಡ್ತಿದ್ವಿ ಗೊತ್ತಾ?" ಎಂದರು. "ಒಂದೇ ಸಲಕ್ಕೆ ಮೇಲೆ ತಗೊಂಡು ಹೋಗಲ್ಲ. ಮೊದಲು ನೆಲದಿಂದ ಒಂದು ಗೇಣು ಎತ್ತಿ ನಿಲ್ಲಿಸ್ತೀವಿ. ಸರಪಳಿ ಸರಿಯಾಗಿ ಕೂತಿದ್ಯಾ, ಒಂದು ಕಡೆ ವಾಲ್ತಿದ್ಯಾ, ನೋಡ್ತೀವಿ. ಇಳಿಸೋವಾಗ್ಲೂ ಅಷ್ಟೇ. ಒಂದು ಗೇಣು ಇದ್ದಾಗ ನಿಲ್ಲಿಸಿ, ಗಂಟೆ ಹೊಡ್ದು, ಕೆಳಗೆ ಜನ ಇಲ್ಲ ಅಂತ ನೋಡ್ಕೊಂಡೇ ಇಳಿಸೋದು. ಒಂದ್ಸಲ ಒಬ್ಬ ಪುಣ್ಯಾತ್ಮ ಸರಿಯಾಗಿ ಲೋಡಿನ ಕೆಳಗೆ ನಿಂತು ಬೀಡಿ ಹಚ್ತಿದ್ದ. ಸಾಹೇಬ್ರು ಕೆಳಗಿಂದ ಇಳಿಸೋ ಇಳಿಸೋ ಅಂತ ಕೂಗ್ತಾರೆ, ನಾನು ಇಳಿಸಲಿಲ್ಲ. ಬೀಡಿ ಮುಗಿಯೋ ತನಕ ಹಿಡ್ಕೊಂಡೇ ಇದ್ದೆ. ನೀನೂ ಹಂಗೇ ಮಾಡು. ಬಿಲ್ಲೆ ತಗೊ, ಹಲಗೆ ಮೇಲೆ ಒಂದು ಗೇಣು ಎತ್ತಿ ಹಿಡಿ. ನಿನ್ನ ಬಿಲ್ಲೆ ನೋಡು, ನನ್ನ ಬಿಲ್ಲೆ ನೋಡು. ಆಮೇಲೆ ಇಳಿಸು. ನಿಂದು ಅವಸರ, ಅಷ್ಟೇ. ಅವಸರ ಹೋದ್ರೆ ಎಲ್ಲಾ ಸರಿಹೋಗುತ್ತೆ."

ನನಗೂ ಹಾಗೇ ಅನಿಸಿತು. ನಾನು ದುಷ್ಟನಲ್ಲ, ದುಡುಕುವವನು, ಅಷ್ಟೇ. ಈ ಮಾತು ಕೇಳಲು ಹಿತವಾಗಿತ್ತು.

ಆಶ್ಚರ್ಯವೆಂದರೆ ಅದು ಕೆಲಸಕ್ಕೆ ಬಂತು. ಬಿಲ್ಲೆಯನ್ನು ಗಾಳಿಯಲ್ಲಿ ಹಿಡಿದು ಕಾಯುವಾಗ ಬೆರಳುಗಳು ಕೆಳಗೆ ಎಳೆಯುತ್ತಿದ್ದವು. ಆದರೆ ಆ ಒಂದೆರಡು ಉಸಿರಿನ ಹೊತ್ತಿನಲ್ಲಿ ನನ್ನ ಹಿಂದಿನ ತೂತುಗಳು ಕಾಣುತ್ತಿದ್ದವು. ಅವುಗಳನ್ನು ಮುಚ್ಚುತ್ತಿದ್ದೆ. ಅವರ ಬೇಲಿ ಅವರಿಗೆ, ನನ್ನ ಬೇಲಿ ನನಗೆ. ಆಟ ನೂರು ಬಿಲ್ಲೆ ದಾಟಿತು, ಒಂದು ವಾರ ನೂರ ಐವತ್ತೂ ದಾಟಿತು. ಆದರೆ ಅಷ್ಟರಲ್ಲಿ ಭಾವನಿಗೆ ಸುಸ್ತಾಗಿ, ತಮ್ಮದು ಯಾವ ಬಣ್ಣ ಎಂದು ಕೇಳಲಾರಂಭಿಸಿದರು. ನಿಲ್ಲಿಸಿದೆವು. ನಾನು ಕಾಯುವುದನ್ನು ಕಲಿಯುತ್ತಿದ್ದ ಹೊತ್ತಿಗೆ ಅವರಿಗೆ ಕಾಯಲು ಹೊತ್ತು ಉಳಿದಿರಲಿಲ್ಲ.

ಕಳೆದ ಮಾಘದ ಒಂದು ಭಾನುವಾರ ಹೋದಾಗ ಭಾವ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಲಗೆಯನ್ನು ಬಿಸಿಲು ಬೀಳುವ ಜಗಲಿಯಲ್ಲಿ ಇಟ್ಟುಕೊಂಡು ಕಾಯುತ್ತಿದ್ದರು. ಕಣ್ಣು ತಿಳಿಯಾಗಿತ್ತು. ಹೆಸರು ಹಿಡಿದು ಕರೆದು, ಕೆಲಸದ ಬಗ್ಗೆ ಕೇಳಿದರು. ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, "ಇವತ್ತು ಬೆಳಿಗ್ಗೆಯಿಂದ ಸರಿ ಇದಾರೆ ಕಣೋ. ಇವತ್ತು ಎಣಿಸಿಬಿಡ್ರೋ, ಕೇಸರಿಬಾತ್ ಮಾಡ್ತೀನಿ" ಎಂದಳು. ಅವಳು ಈ ಆಟವನ್ನು ಯಾವತ್ತೂ ಆಡಿದವಳಲ್ಲ. ಆದರೆ ಎಣಿಸುವುದು ಏನೆಂದು ಅವಳಿಗೆ ಗೊತ್ತಿತ್ತು.

ಅಂಥ ಆಟವನ್ನು ನಾನು ಹಿಂದೆಂದೂ ಆಡಿರಲಿಲ್ಲ. ಒಂದೊಂದು ಬಿಲ್ಲೆಯನ್ನೂ ಒಂದು ಗೇಣು ಎತ್ತಿ ಹಿಡಿದೆ. ಎರಡು ಸಲ ಅವರ ಗುಂಪನ್ನು ಕಡಿಯುವ ಅವಕಾಶ ಬಂತು, ಎರಡು ಸಲವೂ ಬೇರೆ ಕಡೆ ಇಟ್ಟೆ. ನನಗೇ ನನ್ನ ಮೇಲೆ ಹೆಮ್ಮೆಯಾಯಿತು. ಹನ್ನೆರಡು ಗಂಟೆಯ ಹೊತ್ತಿಗೆ ಹಲಗೆ ತುಂಬಿತ್ತು. ಕಪ್ಪು ಒಂದು ಕಡೆ, ಬಿಳಿ ಒಂದು ಕಡೆ, ಗದ್ದೆಗಳ ಹಾಗೆ ಬದುಗಳು ಕಾಣುತ್ತಿದ್ದವು. ಇನ್ನು ಅಂಚಿನಲ್ಲಿ ನಾಲ್ಕೈದು ಸಣ್ಣ ಜಾಗ ಮಾತ್ರ ಉಳಿದಿದ್ದವು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಐದಾರು ಜಾಗದಲ್ಲಿ ನಾನು ಸೋಲುತ್ತಿದ್ದೆ. ಒಳಗಿನಿಂದ ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬರುತ್ತಿತ್ತು.

ಆಗ ಭಾವ ಮುಚ್ಚಬೇಕಾದ ಒಂದು ಜಾಗವನ್ನು ಮುಚ್ಚದೆ ಬೇರೆಲ್ಲೋ ಇಟ್ಟರು. ಬಲಗಡೆಯ ಅವರ ದೊಡ್ಡ ಗುಂಪಿನ ಹೊಟ್ಟೆಯಲ್ಲಿ ಒಂದು ತೂತು. ಅಲ್ಲಿ ನನ್ನ ಒಂದು ಬಿಲ್ಲೆ ಬಿದ್ದರೆ ಇಪ್ಪತ್ತಾರು ಬಿಲ್ಲೆಗಳೂ ಸತ್ತವು. ಹಳೆಯ ಭಾವನಾಗಿದ್ದರೆ ಅದನ್ನು ಹತ್ತು ಬಿಲ್ಲೆ ಮೊದಲೇ ಮುಚ್ಚಿರುತ್ತಿದ್ದರು. ಇದು ಅವರ ಆಟದ ತಪ್ಪಲ್ಲ, ಕಾಯಿಲೆಯ ತಪ್ಪು. ಅದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು.

ಬಿಲ್ಲೆಯನ್ನು ತೆಗೆದುಕೊಂಡೆ. ಒಂದು ಗೇಣು ಎತ್ತಿ ಹಿಡಿದೆ. ನನ್ನ ಬಿಲ್ಲೆಗಳನ್ನು ನೋಡಿದೆ, ಎಲ್ಲವೂ ಕ್ಷೇಮವಾಗಿದ್ದವು. ಅವರ ಬಿಲ್ಲೆಗಳನ್ನು ನೋಡಿದೆ. ಅಂಚಿನಲ್ಲಿ ಇಡಲು ನಿರುಪದ್ರವಿ ಜಾಗ ಬೇಕಾದಷ್ಟಿತ್ತು. ಅಲ್ಲಿ ಇಟ್ಟರೆ ಇನ್ನು ಐದು ನಿಮಿಷದಲ್ಲಿ ಎಣಿಕೆ. ತಲೆಯೆತ್ತಿ ಅವರ ಮುಖ ನೋಡಿದೆ. ಅವರು ಆಗಲೇ ಡಬ್ಬಿಗಳ ಮುಚ್ಚಳ ತೆಗೆದು ಪಕ್ಕಕ್ಕೆ ಜೋಡಿಸಿ, ಎರಡೂ ಅಂಗೈಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ಚೌಕ ಮಾಡಲು ಕೈ ಸಿದ್ಧ ಮಾಡಿಕೊಳ್ಳುತ್ತಿದ್ದರು.

ನಾನು ಎಷ್ಟು ಹೊತ್ತು ಹಿಡಿದಿದ್ದೆನೋ ಗೊತ್ತಿಲ್ಲ. ಕೈ ನೋಯುವಷ್ಟು ಹೊತ್ತು. ಅದು ಅವಸರವಾಗಿರಲಿಲ್ಲ. ಅಷ್ಟು ನಿಧಾನವಾಗಿ, ಅಷ್ಟು ತಿಳಿದು ನಾನು ಜೀವನದಲ್ಲಿ ಇನ್ನಾವ ಕೆಲಸವನ್ನೂ ಮಾಡಿಲ್ಲ. ಆ ತೂತು ನನ್ನನ್ನು ನೋಡುತ್ತಿತ್ತು, ಅದನ್ನು ಹಾಗೇ ಬಿಟ್ಟು ಏಳಲು ನನ್ನಿಂದ ಆಗಲಿಲ್ಲ. ಇಟ್ಟೆ.

ಟಕ್ ಎಂದಿತು.

ಭಾವ ಹಲಗೆಯ ಕಡೆ ಬಗ್ಗಿದರು. ಬಹಳ ಹೊತ್ತು ನೋಡಿದರು. ಬೆರಳಿನಿಂದ ತಮ್ಮ ಗುಂಪಿನ ಸುತ್ತ ಒಂದು ಸುತ್ತು ಬಂದು ಆ ತೂತಿನ ಹತ್ತಿರ ನಿಲ್ಲಿಸಿದರು.

"ಹೌದಲ್ಲ" ಎಂದರು.

"ವಾಪಸ್ ತಗೋತೀನಿ ಭಾವ" ಎಂದೆ. "ನೀವು ಅಲ್ಲಿ ಮುಚ್ಚಿ. ನೀವು ನೋಡ್ಲಿಲ್ಲ ಅಷ್ಟೇ. ಬನ್ನಿ, ಎಣಿಸೋಣ."

"ಒಂದು ಗೇಣು ಎತ್ತಿದ್ಯಾ?"

"ಎತ್ತಿದ್ದೆ."

"ನೋಡಿದ್ಯಾ?"

"ನೋಡಿದ್ದೆ ಭಾವ."

"ಹಂಗಾದ್ರೆ ಸರಿ ಮಾರಾಯ. ಇಳಿಸಿ ಆಯ್ತಲ್ಲ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಿರುಗಿ ಏನಾದರೂ ಅನ್ನಬಹುದಿತ್ತು. ಅವರು ತಮ್ಮ ಇಪ್ಪತ್ತಾರು ಬಿಲ್ಲೆಗಳನ್ನು ಒಂದೊಂದಾಗಿ ಎತ್ತಿ, ಸದ್ದಾಗದಂತೆ ಡಬ್ಬಿಗೆ ಇಳಿಸಿದರು. ಅಕ್ಕ ಎರಡು ತಟ್ಟೆ ಹಿಡಿದು ಹೊರಗೆ ಬಂದವಳು, "ಆಯ್ತಾ? ಎಣಿಸಿದ್ರಾ?" ಎಂದು ಕೇಳಿದಳು.

"ನಂಗೆ ಸುಸ್ತಾಯ್ತು ಮಾರಾಯ್ತಿ" ಎಂದರು ಭಾವ. "ನಾನೇ ಬೇಡ ಅಂತ ನಿಲ್ಲಿಸ್ದೆ. ಪಾಪ, ಇವನು ಚೆನ್ನಾಗಿ ಆಡ್ತಿದ್ದ."

ಕೇಸರಿಬಾತನ್ನು ತಿಂದೆ. ತಿನ್ನದೆ ಎದ್ದರೆ ಅಕ್ಕನಿಗೆ ತಿಳಿಯುತ್ತಿತ್ತು.

ಅದಾದ ಮೇಲೆ ಐದು ಭಾನುವಾರ ನಾನು ಭದ್ರಾವತಿಗೆ ಹೋಗಲಿಲ್ಲ. ಓವರ್‌ಟೈಮ್ ಇದೆ, ಗಾಜನೂರಿನಲ್ಲಿ ಸಹೋದ್ಯೋಗಿಯ ಮನೆಯ ಕಾರ್ಯಕ್ರಮವಿದೆ, ಬೈಕು ಕೆಟ್ಟಿದೆ ಎಂದು ಫೋನಿನಲ್ಲಿ ಹೇಳಿದೆ. ಬೈಕು ಕೆಟ್ಟಿರಲಿಲ್ಲ. ಮುಖ ತೋರಿಸಲು ನಾಚಿಕೆಯಾಗುತ್ತಿತ್ತು, ಅಷ್ಟೇ. ಸ್ವಲ್ಪ ದಿನ ಹೋಗಲಿ, ಅವರು ಆ ಆಟವನ್ನು ಮರೆಯಲಿ, ಆಮೇಲೆ ಹೋಗಿ ಹೊಸದಾಗಿ ಆಡಿ ಎಣಿಸಿದರಾಯಿತು ಎಂದುಕೊಂಡೆ. ಅವರ ಕಾಯಿಲೆಯಿಂದ ನನಗೇ ಲಾಭವಾಗಲಿ ಎಂದು ಕಾದವನು ನಾನು. ಇದನ್ನು ಹೆಂಡತಿಗೂ ಹೇಳಿಲ್ಲ.

ಆರನೆಯ ವಾರ ಭಾವನಿಗೆ ಜ್ವರ ಬಂದು ಶ್ವಾಸಕೋಶಕ್ಕೆ ಇಳಿಯಿತು. ಎಂಟು ದಿನ ಆಸ್ಪತ್ರೆಯಲ್ಲಿದ್ದರು. ನಾನು ದಿನವೂ ಹೋಗಿ ಕೂತೆ, ಅವರು ಬಹುತೇಕ ನಿದ್ದೆಯಲ್ಲೇ ಇದ್ದರು. ಜ್ವರ ಬಿಟ್ಟಿತು. ಆದರೆ ಮನೆಗೆ ಬಂದವರು ಮೊದಲಿನವರಾಗಿರಲಿಲ್ಲ. ಅಕ್ಕನನ್ನು ಗುರುತಿಸುತ್ತಿದ್ದರು, ಕೆಲವೊಮ್ಮೆ. ನನ್ನನ್ನು ಯಾರೋ ಕಾರ್ಖಾನೆಯವನು ಎಂದುಕೊಂಡು, ಶಿಫ್ಟು ಮುಗೀತಾ ಎಂದು ಕೇಳುತ್ತಿದ್ದರು. ಇಂಥ ಕಾಯಿಲೆಯವರು ದೊಡ್ಡ ಜ್ವರದ ನಂತರ ಹೀಗೆ ಒಮ್ಮೆಲೇ ಇಳಿದುಬಿಡುತ್ತಾರೆ, ಮತ್ತೆ ಮೇಲೆ ಬರುವುದು ಕಷ್ಟ ಎಂದರು ಡಾಕ್ಟರು.

ಈಗ ನಾನು ಒಂದು ಭಾನುವಾರವನ್ನೂ ತಪ್ಪಿಸುವುದಿಲ್ಲ. ಹೋಗಿ ಜಗಲಿಯಲ್ಲಿ ಹಲಗೆ ಹರಡುತ್ತೇನೆ. ಅವರ ಎದುರು ಕೂತು ಬಿಲ್ಲೆಯನ್ನು ಅವರಿಂದ ದೂರದ ಮೂಲೆಯಲ್ಲಿ ಇಡುತ್ತೇನೆ. ಯಾವ ಬೇಲಿಯನ್ನೂ ಮುಟ್ಟುವುದಿಲ್ಲ. ಇಡೀ ಹಲಗೆಯನ್ನೇ ಬಿಟ್ಟುಕೊಡಲು ತಯಾರಿದ್ದೇನೆ. ಈಗ ನನಗೆ ಸುಮ್ಮನಿರುವುದು ಬಹಳ ಚೆನ್ನಾಗಿ ಬರುತ್ತದೆ. ಅದರಲ್ಲೇನೂ ದೊಡ್ಡಸ್ತಿಕೆಯಿಲ್ಲ, ಎದುರಿಗೆ ಕಡಿಯಲು ಏನೂ ಇಲ್ಲ. ಸೋಮವಾರ ಮಾಚೇನಹಳ್ಳಿಯ ಮೇಜಿನ ಮುಂದೆ ನಿಂತ ಕೂಡಲೇ ಅದೇ ಕೈ, ಅದೇ ಸುತ್ತಿಗೆ. ಮೊನ್ನೆ ಹೊಸದಾಗಿ ಸೇರಿದವನೊಬ್ಬನನ್ನು ಎಲ್ಲರ ಎದುರು ಅಳುವ ಹಾಗೆ ಬೈದೆ. ಬೈಯುವ ಮೊದಲು ಯೋಚಿಸಿಯೇ ಬೈದೆ.

ಹೋದ ವಾರ ಹಲಗೆ ಹರಡಿದಾಗ ಭಾವ ಡಬ್ಬಿಗೆ ಕೈ ಹಾಕಿದರು. ಎಷ್ಟೋ ತಿಂಗಳ ಮೇಲೆ ತಾವಾಗಿ. ಒಂದು ಕಬ್ಬಿಣದ ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದು, ಹಲಗೆಯ ನಡುಮಧ್ಯಕ್ಕೆ ತಂದು, ಒಂದು ಗೇಣು ಮೇಲೆ ನಿಲ್ಲಿಸಿದರು. ಅಕ್ಕನನ್ನು ಕರೆದೆ, ಅವಳು ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಬಿಲ್ಲೆ ಅಲ್ಲೇ ನಿಂತಿತ್ತು.

"ಇಡಿ ಭಾವ" ಎಂದೆ. "ಎಲ್ಲಿ ಬೇಕಾದ್ರೂ ಇಡಿ."

ಅವರು ಹಲಗೆಯನ್ನೇ ನೋಡುತ್ತಿದ್ದರು. "ಕೆಳಗೆ ಜನ ಇದಾರೆ" ಎಂದರು.

"ಯಾರೂ ಇಲ್ಲ ಭಾವ. ನಾನು ನೋಡಿದೀನಿ, ಖಾಲಿ ಇದೆ. ಇಳಿಸಿ."

ಅವರು ತಲೆಯೆತ್ತಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಯಾರೆಂದು ತಿಳಿಯಿತೋ ಇಲ್ಲವೋ. ನನ್ನ ಮಾತನ್ನು ನಂಬಲಿಲ್ಲ ಎಂಬುದಂತೂ ಕಾಣಿಸಿತು. ಬಿಲ್ಲೆಯನ್ನು ಹಾಗೇ ಎತ್ತಿ ಹಿಡಿದುಕೊಂಡು ಕೂತರು. ಕೊನೆಗೆ ಅಕ್ಕ ಬಂದು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬಿಲ್ಲೆಯನ್ನು ತೆಗೆದು ಡಬ್ಬಿಗೆ ಹಾಕಿದಳು.